ಅರವತ್ತೊಂದನೇ ಟೋಕನ್

ನನ್ನ ಬಲಗೈಯಲ್ಲಿ ಈಗ ಹೆಬ್ಬೆರಳು ಮತ್ತು ಕಿರುಬೆರಳು ಪೂರ್ತಿ ಇವೆ. ಉಂಗುರದ ಬೆರಳು ಅರ್ಧ ಇದೆ. ಉಳಿದೆರಡು ಇಲ್ಲ. ಇದು ಕಾರ್ಖಾನೆಯೊಳಗೆ, ಕೆಲಸ ಮಾಡುವಾಗ, ಆರು ಜನರ ಕಣ್ಣೆದುರಿಗೆ ಆದದ್ದು. ಆದರೆ ಕಾಗದದ ಪ್ರಕಾರ ಆ ದಿನ ನಾನು ಕಾರ್ಖಾನೆಯಲ್ಲೇ ಇರಲಿಲ್ಲ. ಇದನ್ನು ಬಿಡಿಸಿ ಹೇಳಿ ಹೇಳಿ ನನಗೂ ಸಾಕಾಗಿದೆ, ಕೇಳುವವರಿಗೂ ಸಾಕಾಗಿದೆ. ಒಂದು ಸಲ ಬರೆದಿಟ್ಟರೆ ಮತ್ತೆ ಹೇಳುವ ಕೆಲಸವಿರುವುದಿಲ್ಲ ಎಂದುಕೊಂಡು ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಮೂರನೇ ಕ್ಲಾಸಿನ ಹುಡುಗನದ್ದರ ಹಾಗಿದೆ.

ನನ್ನ ಹುಟ್ಟೂರು ಹೊಳಲೂರಿನ ಕಡೆ. ಐಟಿಐಯಲ್ಲಿ ಫಿಟ್ಟರ್ ಕಲಿತು ಭದ್ರಾವತಿಗೆ ಬರುವ ಹೊತ್ತಿಗೆ, ದೊಡ್ಡ ಕಾರ್ಖಾನೆಗಳಲ್ಲಿ ಕಾಯಂ ಕೆಲಸ ಸಿಗುವ ಕಾಲ ಮುಗಿದಿತ್ತು. ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ ಎರಕದ ಸಾಮಾನು ಮಾಡುವ ಒಂದು ಖಾಸಗಿ ಕಾರ್ಖಾನೆಯಲ್ಲಿ ಗುತ್ತಿಗೆದಾರನ ಕೆಳಗೆ ಸೇರಿಕೊಂಡೆ. ಆಮೇಲೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಅಲ್ಲೇ ಇದ್ದೆ. ಗುತ್ತಿಗೆಯವರದ್ದೂ ಒಂದು ಯೂನಿಯನ್ ಬೇಕು ಎಂದು ಗೇಟಿನ ಮುಂದೆ ಕೂತವರಲ್ಲಿ ನಾನೂ ಒಬ್ಬ. ಭದ್ರಾವತಿಯಲ್ಲಿ ಒಂದು ಬೇಕರಿಯ ಮಹಡಿಯ ಮೇಲೆ ನಮ್ಮ ಆಫೀಸು. ನನ್ನ ಬಾಯಿ ಜೋರು, ಅಕ್ಷರ ದುಂಡಗೆ. ಅದಕ್ಕೇ ಪೆಟ್ಟಾದವರ ಪರಿಹಾರದ ಫಾರಂ ತುಂಬುವ ಕೆಲಸ ನನ್ನ ಪಾಲಿಗೆ ಬಂತು. ಕಾಲಿನ ಮೇಲೆ ಎರಕ ಚೆಲ್ಲಿಸಿಕೊಂಡವನು, ಕಣ್ಣಿಗೆ ಕಿಡಿ ಬಡಿಸಿಕೊಂಡವನು, ಎಲ್ಲರೂ ಭಾನುವಾರ ಸಂಜೆ ನನ್ನ ಮುಂದೆ ಬಂದು ಕೂರುತ್ತಿದ್ದರು. ನಾನು ಅವರಿಗೆ ಬೈಯುತ್ತಲೇ ಬರೆಯುತ್ತಿದ್ದೆ. "ಆಸ್ಪತ್ರೆ ಚೀಟಿಲಿ ಫ್ಯಾಕ್ಟ್ರಿಲಿ ಆಯ್ತು ಅಂತ ಬರೆಸಿದ್ಯೇನೋ? ಇಲ್ವಾ? ಮತ್ತೆ ಯಾವ ಪುರುಷಾರ್ಥಕ್ಕೆ ಇಲ್ಲಿಗೆ ಬಂದೆ ಮಾರಾಯ?" ಎಂದು ಎಷ್ಟು ಜನರನ್ನು ಕೇಳಿದ್ದೇನೋ ಲೆಕ್ಕವಿಲ್ಲ.

ನಮ್ಮಲ್ಲಿ ಹಾಜರಿಗೆ ಹೆಬ್ಬೆಟ್ಟಿನ ಮಷೀನು ಇರಲಿಲ್ಲ. ಗೇಟಿನ ಪಕ್ಕ ಒಂದು ಹಲಗೆ, ಅದರಲ್ಲಿ ಮೊಳೆಗಳ ಸಾಲು, ಒಬ್ಬೊಬ್ಬನಿಗೂ ನಂಬರು ಹೊಡೆದ ಒಂದೊಂದು ತಗಡಿನ ಬಿಲ್ಲೆ. ಅದಕ್ಕೆ ಟೋಕನ್ ಎನ್ನುತ್ತಿದ್ದೆವು. ಬೆಳಗ್ಗೆ ಬಂದವನು ತನ್ನ ಟೋಕನ್ ತೆಗೆದು ಕಿಟಕಿಯಲ್ಲಿ ಕೊಡಬೇಕು, ಒಳಗೆ ಕೂತವನು ನಂಬರು ನೋಡಿ ಹಾಜರಿ ಹಾಕುತ್ತಾನೆ. ಮುಖ ನೋಡುವುದಿಲ್ಲ. ಗುತ್ತಿಗೆದಾರನಿಗೆ ತಲೆ ಎಣಿಕೆ ಸರಿಯಿದ್ದರೆ ಸಾಕು. ತಿಂಗಳಿಗೆ ಎರಡು ದಿನಕ್ಕಿಂತ ಹೆಚ್ಚು ತಪ್ಪಿಸಿಕೊಂಡವನ ಟೋಕನ್ನನ್ನು ಯಾರಿಗೂ ಹೇಳದೆ ಹಲಗೆಯಿಂದ ಇಳಿಸಿಬಿಡುತ್ತಿದ್ದರು. ಅದಕ್ಕೇ ನಮ್ಮೊಳಗೆ ಒಂದು ಏರ್ಪಾಡಿತ್ತು. ಯಾರಿಗಾದರೂ ಬರಲಾಗದ ದಿನ, ವಾರದ ರಜೆಯಲ್ಲಿರುವ ಇನ್ನೊಬ್ಬ ಬಂದು ಅವನ ಟೋಕನ್ ಕೊಟ್ಟು ಅವನ ಕೆಲಸ ಮಾಡುವುದು. ಸಂಬಳ ಟೋಕನ್ನಿನವನಿಗೇ. ಇಂದು ನಾನು ನಿನಗೆ, ನಾಳೆ ನೀನು ಇನ್ನೊಬ್ಬನಿಗೆ. ಹೆರಿಗೆ, ಸಾವು, ಮದುವೆ, ಜಮೀನಿನ ಸರ್ವೆ ಎಲ್ಲ ಹೀಗೇ ನಡೆದುಹೋಗುತ್ತಿದ್ದವು. ಸೂಪರ್‌ವೈಸರನಿಗೆ ಗೊತ್ತಿತ್ತು, ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಈ ಏರ್ಪಾಡಿಗೆ ಒಂದು ಶಿಸ್ತು ತಂದವನು ನಾನೇ. ಯಾರು ಯಾವ ದಿನ ಯಾರ ಟೋಕನ್ ಹಿಡಿಯಬೇಕೆಂದು ಡೈರಿಯ ಹಿಂದಿನ ಹಾಳೆಯಲ್ಲಿ ಬರೆದಿಡುತ್ತಿದ್ದೆ. ಕೇಳಿದರೆ ಏನು ಹೇಳಬೇಕೆಂದೂ ಕಲಿಸಿಕೊಟ್ಟಿದ್ದೆ. "ಇದ್ದೆ ಅನ್ನು, ಅಷ್ಟೆ. ಇನ್ನೊಂದು ಮಾತು ಸೇರಿಸಿದ್ಯೋ, ಸಿಕ್ಕಿಹಾಕ್ಕೊಂಡೆ."

ಅರವತ್ತೊಂದನೇ ಟೋಕನ್ ನನ್ನ ಜೊತೆ ಫಿಟ್ಟರ್ ಆಗಿದ್ದ ಒಬ್ಬ ಭಾಯ್‌ನದು. ನನಗಿಂತ ಆರೇಳು ವರ್ಷ ಚಿಕ್ಕವನು. ಶಿವಮೊಗ್ಗದ ಗಾಂಧಿ ಬಜಾರಿನ ಹಿಂದಿನ ಓಣಿಯಲ್ಲಿ ಬಾಡಿಗೆ ಮನೆ, ದಿನಾ ಬಸ್ಸಿನಲ್ಲಿ ಬರುತ್ತಿದ್ದ. ಅವನ ಅಪ್ಪ ಬಜಾರಿನಲ್ಲಿ ಹೊಲಿಗೆ ಮಷೀನು ರಿಪೇರಿ ಮಾಡುತ್ತಿದ್ದರಂತೆ. ಆ ನಯ ಇವನ ಕೈಗೂ ಬಂದಿತ್ತು, ಬೇರಿಂಗ್ ಕೂರಿಸಿದರೆ ಸುತ್ತಿಗೆಯ ಸದ್ದು ಕೇಳುತ್ತಿರಲಿಲ್ಲ. ಅವನ ಹೆಂಡತಿಗೆ ಎರಡೂ ಕಿಡ್ನಿ ಕೆಟ್ಟಿದ್ದವು. ಮಂಗಳವಾರ ಮತ್ತು ಶುಕ್ರವಾರ ಬೆಳಗ್ಗೆ ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಗಬೇಕಿತ್ತು. ಆ ಖರ್ಚೆಲ್ಲ ಕಾರ್ಮಿಕರ ವಿಮೆ ಕಾರ್ಡಿನಲ್ಲಿ ನಡೆಯುತ್ತಿತ್ತು. ಆ ಕಾರ್ಡು ಇವನ ಕೆಲಸ ಇರುವವರೆಗೆ ಮಾತ್ರ. ಕೆಲಸ ಉಳಿಯಬೇಕಾದರೆ ಹಾಜರಿ ಇರಬೇಕು, ಹೆಂಡತಿ ಉಳಿಯಬೇಕಾದರೆ ವಾರಕ್ಕೆರಡು ದಿನ ಇವನು ಆಸ್ಪತ್ರೆಯಲ್ಲಿರಬೇಕು. ಇದಕ್ಕೆ ಸರ್ಕಾರದ ಯಾವ ಕಾನೂನಿನಲ್ಲೂ ದಾರಿಯಿರಲಿಲ್ಲ, ನನ್ನ ಡೈರಿಯ ಹಿಂದಿನ ಹಾಳೆಯಲ್ಲಿತ್ತು. ನನ್ನ ವಾರದ ರಜೆ ಮಂಗಳವಾರ. ಹಾಗಾಗಿ ಮಂಗಳವಾರ ಅವನ ಟೋಕನ್ ನಾನು ಹಿಡಿಯುತ್ತಿದ್ದೆ. ಶುಕ್ರವಾರ ಇನ್ನೊಬ್ಬ. ಒಂದೂವರೆ ವರ್ಷ ಹೀಗೆ ನಡೆಯಿತು. "ಮಂಗಳವಾರ ನಿಮ್ಗೆ ನನ್ ಹೆಸ್ರು ಅಣ್ಣ, ನಮಾಜ್ ಒಂದು ಕಲ್ತ್ಕೊಳ್ಳಿ, ಪೂರ್ತಿ ಆಗುತ್ತೆ" ಎಂದು ಅವನು ತಮಾಷೆ ಮಾಡುತ್ತಿದ್ದ.

ನನಗೆ ಆ ವಿಮೆ ಕಾರ್ಡಿರಲಿಲ್ಲ. ಹಿರಿಯ ಫಿಟ್ಟರ್ ಎಂದು ಹಿಂದಿನ ಒಪ್ಪಂದದಲ್ಲಿ ನನ್ನ ಸಂಬಳ ಸ್ವಲ್ಪ ಏರಿ, ಕಾರ್ಡಿನ ಮಿತಿ ದಾಟಿತ್ತು. ಅದನ್ನು ನಾನು ಹೆಮ್ಮೆಯಿಂದ ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ಮಿತಿ ದಾಟಿದವನಿಗೆ ಪೆಟ್ಟಾದರೆ ಪರಿಹಾರವನ್ನು ಮಾಲೀಕನೇ ಕೊಡಬೇಕು, ಕೊಡದಿದ್ದರೆ ಕೋರ್ಟಿಗೆ ಹೋಗಿ ಕೇಳಬೇಕು. ಇದೂ ನನಗೆ ಚೆನ್ನಾಗಿ ಗೊತ್ತಿತ್ತು.

ಅದೊಂದು ಮಂಗಳವಾರ ಮಧ್ಯಾಹ್ನಕ್ಕೆ ಮುಂಚೆ, ಅಚ್ಚಿಗೆ ಮರಳು ಸಾಗಿಸುವ ಬೆಲ್ಟಿನ ರೋಲರ್ ಬದಲಿಸುತ್ತಿದ್ದೆ. ಬೆಲ್ಟು ನಿಂತಿತ್ತು. ಯಾರು ಸ್ವಿಚ್ಚು ಹಾಕಿದರೋ ಇಂದಿಗೂ ಗೊತ್ತಿಲ್ಲ. ಬೆಲ್ಟು ಒಂದು ಗೇಣು ಓಡಿ ನಿಂತಿತು, ಅಷ್ಟೇ. ಆ ಒಂದು ಗೇಣಿಗೆ ನನ್ನ ಕೈ ಒಳಗೆ ಹೋಯಿತು. ನೋವು ಮೊದಲು ಬರಲಿಲ್ಲ. ಪಕ್ಕದಲ್ಲಿದ್ದವನು ನನ್ನ ಮುಖ ನೋಡದೆ ಬೇರೆ ಕಡೆ ನೋಡುತ್ತಿದ್ದುದನ್ನು ಕಂಡು, ಏನೋ ದೊಡ್ಡದೇ ಆಗಿದೆ ಎಂದು ನನಗೆ ಗೊತ್ತಾಯಿತು.

ಸೂಪರ್‌ವೈಸರ್ ತನ್ನ ಕಾರಿನಲ್ಲಿ ಭದ್ರಾವತಿಯ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಗುತ್ತಿಗೆದಾರನಿಗೆ ಫೋನು ಮಾಡಿ, "ಯಾರ ಹೆಸ್ರು ಹೇಳ್ಲಿ ಸಾರ್? ಟೋಕನ್ ಇನ್ನೊಬ್ರುದು" ಎಂದು ಮತ್ತೆ ಮತ್ತೆ ಕೇಳುತ್ತಿದ್ದ. ಕೈಗೆ ಸುತ್ತಿದ್ದ ಬನಿಯನ್ ರಕ್ತದಲ್ಲಿ ನೆನೆದು ತೊಟ್ಟಿಕ್ಕುತ್ತಿತ್ತು. ನರ್ಸಿಂಗ್ ಹೋಮಿನ ಕೌಂಟರಿನಲ್ಲಿ ಒಬ್ಬ ಹೆಣ್ಣುಮಗಳು ಹೆಸರು ಕೇಳಿದಳು. ಸೂಪರ್‌ವೈಸರ್ ನನ್ನ ನಿಜವಾದ ಹೆಸರನ್ನೇ ಹೇಳಿದ. ಹೇಗಾಯಿತು ಎಂದು ಕೇಳಿದಳು. "ಮನೆಲಿ ನೀರಿನ ಮೋಟ್ರು ರಿಪೇರಿ ಮಾಡ್ತಿದ್ರು, ಬೆಲ್ಟಿಗೆ ಕೈ ಸಿಕ್ತು" ಎಂದ. ಅವಳು ನನ್ನ ಕಡೆ ತಿರುಗಿ, "ಹೌದಾ ಅಂಕಲ್?" ಎಂದಳು. ನಾನು "ಹೂಂ" ಎಂದೆ.

ಆ ಒಂದು "ಹೂಂ" ಎಲ್ಲಿಂದ ಬಂತು ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಗೆಳೆಯನ ಹೆಂಡತಿಯನ್ನು ಉಳಿಸಲು ತ್ಯಾಗ ಮಾಡಿದೆ ಎಂದು ಹೇಳಿಕೊಳ್ಳಬಹುದು. ಕೆಲವರಿಗೆ ಹಾಗೆ ಹೇಳಿದ್ದೂ ಉಂಟು. ನಿಜ ಅದಲ್ಲ. ಅದು ಅಭ್ಯಾಸ. ಟೋಕನ್ನಿನ ವಿಷಯ ಹೊರಗೆ ಬರಬಾರದು ಎಂಬುದು ಅಷ್ಟು ವರ್ಷದಲ್ಲಿ ಮೈಗೇ ಹತ್ತಿಬಿಟ್ಟಿತ್ತು. ಊರಿಗೆಲ್ಲ ಬುದ್ಧಿ ಹೇಳಿದವನು ನನ್ನ ಸರದಿ ಬಂದಾಗ ಮೂರು ಕಾಸಿನ ಬುದ್ಧಿಯಿಲ್ಲದವನಂತೆ ನಡೆದುಕೊಂಡೆ. ನನ್ನ ಹೆಂಡತಿ ಆಸ್ಪತ್ರೆಗೆ ಓಡಿ ಬಂದು, ಚೀಟಿ ಓದಿ, "ನಮ್ಮನೇಲಿ ಎಲ್ರೀ ಮೋಟ್ರು?" ಎಂದಳು. ನಾವಿರುವುದು ನಲ್ಲಿ ನೀರಿನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ.

ಆಪರೇಷನ್ನಿನ ಖರ್ಚನ್ನು ಗುತ್ತಿಗೆದಾರ ಕೊಟ್ಟ. ಹಣ್ಣು ತಂದ. ಮಂಚದ ತುದಿಯಲ್ಲಿ ಕೂತು, "ನೀವು ಮನೆಯವರಿದ್ದ ಹಾಗೆ, ಕೂತ್ಕೊಂಡ್ ಮಾಡೋ ಕೆಲ್ಸ ಕೊಡ್ತೀನಿ" ಎಂದ. ಗಾಯ ಮಾಗಿ, ಹೊಲಿಗೆ ಬಿಚ್ಚಿ, ನಾನು ಹೋಗಿ ನಿಂತಾಗ ಕೂತು ಮಾಡುವ ಕೆಲಸ ಇರಲಿಲ್ಲ. ನಿಂತು ಮಾಡುವುದೂ ಇರಲಿಲ್ಲ. ಹಲಗೆಯಲ್ಲಿ ನನ್ನ ನಂಬರಿನ ಮೊಳೆ ಖಾಲಿಯಿತ್ತು. ಬೇಕರಿಯ ಮಹಡಿ ಹತ್ತಿ, ಯೂನಿಯನ್ನಿನ ಅಧ್ಯಕ್ಷರ ಮುಂದೆ ಕೂತು, ನನ್ನದೇ ಫಾರಂ ತುಂಬಲು ಹೋದೆ. ಪೆನ್ನು ಹಿಡಿಯಲಾಗಲಿಲ್ಲ. ಅವರೇ ತುಂಬಿದರು.

ಅರ್ಜಿ ಶಿವಮೊಗ್ಗದ ಕೋರ್ಟಿಗೆ ಹೋಯಿತು. ಗುತ್ತಿಗೆದಾರನ ಪರ ವಕೀಲರು ತಕರಾರು ಹಾಕಿದರು. ಅದನ್ನು ಓದಿದರೆ ನನಗೇ ನನ್ನ ಮೇಲೆ ಅನುಮಾನ ಬರಬೇಕು, ಹಾಗಿತ್ತು. ಆ ದಿನ ಅರ್ಜಿದಾರರ ವಾರದ ರಜೆ. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ರಜೆ ಎಂದೇ ಇದೆ. ಮನೆಯ ಮೋಟರಿನಿಂದ ಪೆಟ್ಟಾಯಿತೆಂದು ಅರ್ಜಿದಾರರೇ ವೈದ್ಯರಿಗೆ ತಿಳಿಸಿದ್ದಾರೆ. ಮಾನವೀಯತೆಯಿಂದ ಗುತ್ತಿಗೆದಾರರು ಚಿಕಿತ್ಸೆಯ ವೆಚ್ಚ ಭರಿಸಿದ್ದಾರೆ. ಪ್ರತಿ ವಾಕ್ಯಕ್ಕೂ ದಾಖಲೆಯಿತ್ತು. ಗೇಟಿನಲ್ಲಿ ಕ್ಯಾಮೆರಾ ಇತ್ತಲ್ಲ ಎಂದರೆ, ಅದರಲ್ಲಿನ ದೃಶ್ಯ ತಿಂಗಳಿಗೊಮ್ಮೆ ತಾನೇ ಅಳಿಸಿಹೋಗುತ್ತದೆ ಎಂದರು. ನಾನು ಕಟಕಟೆಯಲ್ಲಿ ನಿಂತು, ನಮ್ಮ ಮನೆಯಲ್ಲಿ ಮೋಟರೇ ಇಲ್ಲ ಎಂದೆ. ಇಲ್ಲ ಎನ್ನುವುದಕ್ಕೆ ದಾಖಲೆ ಏನಿದೆ ಎಂದು ವಕೀಲರು ಕೇಳಿದರು. ಇಲ್ಲದ ಮೋಟರಿಗೆ ರಸೀತಿ ಎಲ್ಲಿಂದ ತರಲಿ? ಸಿಟ್ಟು ನೆತ್ತಿಗೇರಿ, "ಬನ್ನಿ ಸಾರ್ ಮನೆಗೆ, ಮಂಚದ ಕೆಳಗೂ ನೋಡ್ಬಿಡಿ" ಎಂದುಬಿಟ್ಟೆ. ನ್ಯಾಯಾಧೀಶರು ಹೆಂಗಸು, ಶಾಂತ ಸ್ವಭಾವದವರು. "ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಿ" ಎಂದರು. ಮುಂದಿನ ತಾರೀಖು ಕೊಟ್ಟರು.

ನಮ್ಮ ಕಡೆಯ ವಕೀಲರು ಹೊರಗೆ ಬಂದು ನೇರವಾಗಿ ಹೇಳಿದರು. "ನೀವು ಅಲ್ಲಿದ್ರಿ ಅಂತ ಯಾರಾದ್ರೂ ಹೇಳ್ಬೇಕು. ಇಲ್ದಿದ್ರೆ ಇದು ಬಿದ್ದೋಗುತ್ತೆ."

ಆರು ಜನ ನೋಡಿದ್ದರು. ಆರು ಜನರ ಮನೆಗೂ ಹೋದೆ. ಎಲ್ಲರೂ ಕಾಫಿ ಕೊಟ್ಟರು. ಒಬ್ಬ ಅತ್ತ. ಯಾರೂ ಬರುತ್ತೇನೆ ಎನ್ನಲಿಲ್ಲ, ಅವರನ್ನು ಬೈಯುವುದಕ್ಕೂ ಆಗುವಂತಿರಲಿಲ್ಲ. ನಾನು ಅರವತ್ತೊಂದರ ಟೋಕನ್ನಿನಲ್ಲಿದ್ದೆ ಎಂದು ಒಬ್ಬ ಹೇಳಿದರೆ, ನೀನು ಯಾವಾಗ ಯಾರ ಟೋಕನ್ನಿನಲ್ಲಿದ್ದೆ ಎಂಬ ಪ್ರಶ್ನೆ ಅವನಿಗೂ ಬರುತ್ತದೆ. ಎಲ್ಲರೂ ಒಂದಲ್ಲ ಒಂದು ದಿನ ಇನ್ನೊಬ್ಬನಾಗಿದ್ದವರೇ. ಅಧ್ಯಕ್ಷರು ಹಳೆಯ ಕಾಲದವರು, ಮನೆಮಾತು ತಮಿಳು, ಎಲ್ಲರನ್ನೂ ತಂಬಿ ಎನ್ನುತ್ತಾರೆ. ಅವರು ಆಫೀಸಿನ ಬಾಗಿಲು ಹಾಕಿ ಹೇಳಿದರು.

"ತಂಬಿ, ಯೂನಿಯನ್ ನಿನ್ ಜೊತೆಗಿದೆ. ವಕೀಲರನ್ನ ಇಟ್ಟಿದೀವಿ, ಇನ್ನೂ ಇಡ್ತೀವಿ. ಆದ್ರೆ ನಮ್ಮೋರು ಟೋಕನ್ ಬದ್ಲಾಯಿಸ್ತಿದ್ರು ಅಂತ ಯೂನಿಯನ್ ಹೆಸ್ರಲ್ಲಿ ಬರ್ದು ಕೊಡೋಕಾಗಲ್ಲ. ಕೊಟ್ರೆ ನಾಳೆ ಇಪ್ಪತ್ತು ಜನ ಬೀದಿಗೆ."

"ನಾನು ಈಗ್ಲೇ ಬೀದಿಲಿದೀನಲ್ಲ" ಎಂದೆ.

"ನೀನು ಒಬ್ಬ" ಎಂದರು. ಹೇಳಿದ ಮೇಲೆ ಅವರಿಗೇ ಬೇಜಾರಾಗಿ, ಕೆಳಗಿನಿಂದ ಎರಡು ಬನ್ನು ತರಿಸಿದರು. ಇಪ್ಪತ್ತು ವರ್ಷ ನಾನೂ ಇದೇ ಲೆಕ್ಕ ಹಾಕಿದವನು. ಬನ್ನು ತಿಂದು ಕೆಳಗಿಳಿದೆ.

ಉಳಿದವನು ಒಬ್ಬನೇ. ಅರವತ್ತೊಂದನೇ ಟೋಕನ್ನಿನವನು ಬಂದು, "ಆ ದಿನ ನಾನಿರಲಿಲ್ಲ, ನನ್ನ ಬದಲು ಇವರಿದ್ದರು" ಎಂದರೆ ಸಾಕು. ಹಾಗೆಂದ ಮರುದಿನ ಅವನ ಕೆಲಸ ಹೋಗುತ್ತದೆ. ಕೆಲಸ ಹೋದರೆ ಕಾರ್ಡು, ಕಾರ್ಡು ಹೋದರೆ ಅವನ ಹೆಂಡತಿ. ಇದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ನನಗೆ ಪೆಟ್ಟಾದ ಮೇಲೆ ಮಂಗಳವಾರ ಅವನ ಟೋಕನ್ ಬೇರೊಬ್ಬ ಹಿಡಿಯುತ್ತಿದ್ದ. ಆಗಿನಿಂದ ಅವನು ಪ್ರತಿ ಭಾನುವಾರ ನಮ್ಮ ಮನೆಗೆ ಬರುತ್ತಿದ್ದ. ನನ್ನ ಗಡ್ಡ ತೆಗೆಯುತ್ತಿದ್ದ, ಎಡಗೈಯಲ್ಲಿ ನನಗೆ ಇನ್ನೂ ಅದು ಬರುತ್ತಿರಲಿಲ್ಲ. ಕೇಸಿನ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವನ ಕೈಯಲ್ಲಿ ರೇಜರ್ ಇದ್ದಾಗ ನಾವಿಬ್ಬರೂ ಗೋಡೆ ನೋಡುತ್ತಿದ್ದೆವು.

ಒಂದು ತಾರೀಖಿನ ದಿನ, ಕೋರ್ಟು ಮುಗಿದ ಮೇಲೆ ಗಟ್ಟಿ ಮನಸ್ಸು ಮಾಡಿ ಅವನ ಮನೆಗೆ ಹೋದೆ. ಕೇಳಿಯೇಬಿಡುವುದೆಂದು ಹೋದದ್ದು. ಗಾಂಧಿ ಬಜಾರಿನಲ್ಲಿ ಮದುವೆ ಸೀಸನ್ನಿನ ಜನ, ಬಟ್ಟೆ ಅಂಗಡಿಗಳ ಮುಂದೆ ಕಾಲಿಡಲು ಜಾಗವಿರಲಿಲ್ಲ. ಅವನು ಇನ್ನೂ ಡ್ಯೂಟಿಯಿಂದ ಬಂದಿರಲಿಲ್ಲ. ಅವನ ಹೆಂಡತಿ ಒಬ್ಬಳೇ ಇದ್ದಳು. ಬಾಗಿಲ ಬಳಿ ಕುರ್ಚಿ ಹಾಕಿ ಕೂರಿಸಿ, ಒಳಗಿನಿಂದ ಚಹಾ ತಂದಳು. ಕಾಲು ಊದಿಕೊಂಡು ಚಪ್ಪಲಿ ಹಿಡಿಯುತ್ತಿರಲಿಲ್ಲ. ತನಗೆ ಮಾತ್ರ ಔಷಧಿ ಬಾಟಲಿಯ ಮುಚ್ಚಳದಷ್ಟು ಚಹಾ ಬಗ್ಗಿಸಿಕೊಂಡು, "ನಂಗೆ ಇಷ್ಟೇ ಅಣ್ಣ. ನೀರಿಗೂ ರೇಷನ್ನು" ಎಂದು ನಕ್ಕಳು.

ಆಮೇಲೆ, "ಕೈ ತೋರ್ಸಿ" ಎಂದಳು.

ನಾನು ಯಾರಿಗೂ ತೋರಿಸುತ್ತಿರಲಿಲ್ಲ, ಟವೆಲು ಹೊದಿಸಿಕೊಂಡೇ ತಿರುಗುತ್ತಿದ್ದೆ. ಅವಳಿಗೆ ತೋರಿಸಿದೆ. ಅವಳು ಅದನ್ನು ಮುಟ್ಟಿ ಬಹಳ ಹೊತ್ತು ನೋಡಿದಳು. ತನ್ನ ಎಡತೋಳಿನ ಸೆರಗು ಸರಿಸಿ, ಸೂಜಿ ಚುಚ್ಚಿ ಚುಚ್ಚಿ ಹಗ್ಗದಂತೆ ಉಬ್ಬಿದ್ದ ನರ ತೋರಿಸಿದಳು. "ಇದ್ರ ಮೇಲೆ ಕೈ ಇಡಿ, ಗುಂಯ್ ಅನ್ನುತ್ತೆ" ಎಂದಳು. ಇಟ್ಟೆ. ಮಷೀನಿನೊಳಗೆ ಬೇರಿಂಗ್ ತಿರುಗುತ್ತಿದ್ದಂತೆ ಸಣ್ಣಗೆ ನಡುಗುತ್ತಿತ್ತು.

"ನೀವು ಯಾಕೆ ಬಂದ್ರಿ ಅಂತ ಗೊತ್ತು ಅಣ್ಣ. ಅವ್ರು ರಾತ್ರಿ ನಿದ್ದೆ ಮಾಡಲ್ಲ. ಹೇಳ್ತೀನಿ ಅಂತಾರೆ, ಆಮೇಲೆ ನನ್ ಮುಖ ನೋಡಿ ಸುಮ್ನಾಗ್ತಾರೆ." ಸೆರಗನ್ನು ಮತ್ತೆ ತೋಳಿನ ಮೇಲೆಳೆದುಕೊಂಡು, "ನೀವು ಸ್ವಲ್ಪ ದಿನ ತಡ್ಕೊಳ್ಳಿ" ಎಂದಳು.

ನಾನು ಏನೂ ಕೇಳದೆ ಎದ್ದು ಬಂದೆ. ಬಸ್ಸಿನಲ್ಲಿ ಭದ್ರಾವತಿಯವರೆಗೂ, ಅವಳು ಹೇಳಿದ್ದರ ಅರ್ಥ ಅವನಿಗೆ ಧೈರ್ಯ ಬರುವವರೆಗೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಾ ಬಂದೆ. ಅದಲ್ಲ ಎಂದು ಆಗಲೇ ಗೊತ್ತಿತ್ತು.

ಇನ್ನು ಬರೆಯಬೇಕಾದ್ದನ್ನು ಬರೆಯಲು ಎಡಗೈಯೂ ಬರುತ್ತಿಲ್ಲ. ತಾರೀಖು ಮುಂದಕ್ಕೆ ಹೋಗುತ್ತಲೇ ಇತ್ತು. ಒಮ್ಮೆ ನ್ಯಾಯಾಧೀಶರು ರಜೆ, ಒಮ್ಮೆ ಎದುರು ಪಕ್ಷದ ವಕೀಲರಿಗೆ ಜ್ವರ, ಒಮ್ಮೆ ಫೈಲೇ ಸಿಗಲಿಲ್ಲ. ಮನೆಯಲ್ಲಿ ಹೆಂಡತಿ ನಾಲ್ಕು ಮನೆಗಳಿಗೆ ಚಪಾತಿ ಲಟ್ಟಿಸಿಕೊಡಲು ಶುರುಮಾಡಿದ್ದಳು. ನಾನು ಮನೆಯಲ್ಲಿ ಕೂತು ಹಿಟ್ಟು ಕಲಸಿ ಕೊಡುತ್ತಿದ್ದೆ, ಅದಕ್ಕೆ ಬೆರಳು ಅಷ್ಟಾಗಿ ಬೇಕಿಲ್ಲ. ಭಾನುವಾರ ಅವನು ಬಂದಾಗ, "ಮನೇಲಿ ಹೇಗಿದಾರೆ?" ಎಂದು ಕೇಳುತ್ತಿದ್ದೆ. ಮೊದಲೆಲ್ಲ ಬಾಯಿಮಾತಿಗೆ ಕೇಳುತ್ತಿದ್ದದ್ದು. ಬರಬರುತ್ತಾ ವಿವರವಾಗಿ ಕೇಳತೊಡಗಿದೆ. ಊಟ ಸೇರುತ್ತಾ, ಉಸಿರು ಕಟ್ಟುತ್ತಾ, ಡಾಕ್ಟ್ರು ಏನಂದ್ರು. ಅವನು ಎಲ್ಲಕ್ಕೂ ಉತ್ತರ ಹೇಳುತ್ತಿದ್ದ. "ಸ್ವಲ್ಪ ಪರ್ವಾಗಿಲ್ಲ ಅಣ್ಣ" ಎಂದ ಭಾನುವಾರ ನನ್ನ ಮುಖ ಸಣ್ಣಗಾಗಿದ್ದನ್ನು ಹೆಂಡತಿ ನೋಡಿಬಿಟ್ಟಳು. ಅವನು ಹೋದ ಮೇಲೆ ಹಿಟ್ಟಿನ ಪಾತ್ರೆ ನನ್ನ ಮುಂದೆ ಕುಕ್ಕಿ, "ಥೂ, ನೀವೆಂಥ ಮನುಷ್ಯ" ಎಂದಳು. ನಾನು ಅವನ ಹೆಂಡತಿಯ ಸಾವನ್ನು ಕಾಯುತ್ತಿದ್ದೆ. ಹೀಗೆ ಬರೆದು ನೋಡುವುದು ಇದೇ ಮೊದಲು. ನನ್ನನ್ನು ಅಣ್ಣ ಎಂದು ಕರೆದು, ಚಹಾ ಕೊಟ್ಟು, ಕೈ ಮುಟ್ಟಿ ನೋಡಿದವಳ ಸಾವನ್ನು ಕೋರ್ಟಿನ ತಾರೀಖು ಕಾದಂತೆ ಕಾಯುತ್ತಿದ್ದೆ. ಅವಳು ಸಾಯಲಿ ಎಂದು ಬಯಸಲಿಲ್ಲ ಎಂದು ದೇವರ ಮೇಲೆ ಆಣೆ ಮಾಡಬಲ್ಲೆ. ಆದರೆ ಕಾಯುತ್ತಿರಲಿಲ್ಲ ಎಂದು ಆಣೆ ಮಾಡಲಾರೆ.

ಅವಳು ಹೋದದ್ದು ಒಂದು ಗುರುವಾರ ಬೆಳಗ್ಗೆ. ಅಂದರೆ ಶುಕ್ರವಾರದ ಡಯಾಲಿಸಿಸ್‌ಗೆ ಹಿಂದಿನ ದಿನ. ನಾನೂ ನನ್ನ ಹೆಂಡತಿಯೂ ಹೋದೆವು. ಹೆಂಗಸರು ಮನೆಯಲ್ಲುಳಿದರು. ನಾನು ಗಂಡಸರ ಜೊತೆ ಖಬರಸ್ತಾನಕ್ಕೆ ನಡೆದೆ. ಒಬ್ಬೊಬ್ಬರೂ ಮೂರು ಹಿಡಿ ಮಣ್ಣು ಹಾಕುತ್ತಿದ್ದರು. ನನ್ನ ಸರದಿ ಬಂದಾಗ ಯಾವ ಕೈ ಮುಂದೆ ಮಾಡಬೇಕೆಂದು ತಿಳಿಯದೆ ನಿಂತೆ. ಬಲಗೈಯಲ್ಲಿ ಹಿಡಿ ಕೂಡುವುದಿಲ್ಲ, ಎಡಗೈ ಸರಿಯೋ ತಪ್ಪೋ ಗೊತ್ತಿಲ್ಲ. ಅವನೇ ಪಕ್ಕಕ್ಕೆ ಬಂದು, ನನ್ನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಬೊಗಸೆ ಮಾಡಿ ಹಿಡಿದು, ಮಣ್ಣು ತುಂಬಿಸಿ ಹಾಕಿಸಿದ. ಮೂರು ಸಲವೂ ಹಾಗೇ ಮಾಡಿದ. ಸುತ್ತ ನಿಂತವರು ನನ್ನನ್ನು ದೊಡ್ಡ ಮನುಷ್ಯನನ್ನು ನೋಡುವಂತೆ ನೋಡುತ್ತಿದ್ದರು. ಅಲ್ಲೇ ಭೂಮಿ ಬಾಯಿಬಿಟ್ಟು ನನ್ನನ್ನೂ ನುಂಗಬಾರದೇ ಎನ್ನಿಸಿತು.

ನಲವತ್ತನೇ ದಿನದ ಫಾತಿಹಾ ಪ್ರಾರ್ಥನೆ ಮುಗಿದ ಮರುದಿನ ಅವನು ಬೇಕರಿಯ ಮಹಡಿಗೆ ಬಂದ. ಅಧ್ಯಕ್ಷರೂ ಇದ್ದರು. ಚೀಲದಿಂದ ಒಂದು ಸಣ್ಣ ಪುಸ್ತಕ ತೆಗೆದು ಮೇಜಿನ ಮೇಲಿಟ್ಟ. ಆಸ್ಪತ್ರೆಯವರು ಡಯಾಲಿಸಿಸ್ ರೋಗಿಗಳಿಗೆ ಕೊಡುವ ಪುಸ್ತಕ. ಯಾವ ದಿನ ಎಷ್ಟು ಗಂಟೆಗೆ ಮಷೀನಿಗೆ ಹಾಕಿದರು, ಯಾವಾಗ ತೆಗೆದರು, ತೂಕ ಎಷ್ಟು ಎಂದೆಲ್ಲ ಬರೆದಿತ್ತು.

"ಆ ಮಂಗಳವಾರದ್ದೂ ಇದ್ರಲ್ಲಿದೆ ಅಣ್ಣ. ಇನ್ನು ನಾನು ಹೇಳ್ತೀನಿ" ಎಂದ.

"ಕೆಲಸ ಹೋಗುತ್ತೆ ಭಾಯ್" ಎಂದೆ. ಬೇಡ ಎನ್ನಲಿಲ್ಲ. ಅದನ್ನು ಹೇಳಲು ಬಾಯಿ ತೆರೆದದ್ದು ನಿಜ, ಆದರೆ ಬಂದ ಮಾತು ಅದಲ್ಲ.

"ಹೋಗ್ಲಿ. ಕಾರ್ಡಿಗೋಸ್ಕರ ತಾನೇ ಇದ್ದಿದ್ದು."

ಅಧ್ಯಕ್ಷರು, ಅವನು ಬೇರೆ ಯಾರ ಹೆಸರನ್ನೂ ಎತ್ತದೆ ತನ್ನ ಒಂದು ದಿನದ ಮಾತಷ್ಟೇ ಹೇಳುವುದಾದರೆ ಆಗಬಹುದು ಎಂದರು. ವಕೀಲರು ಅವನ ಹೆಸರನ್ನು ಸಾಕ್ಷಿಪಟ್ಟಿಗೆ ಸೇರಿಸಿದರು. ಅದೇ ವಾರ ಅವನ ಟೋಕನ್ ಹಲಗೆಯಿಂದ ಇಳಿಯಿತು. ಅವನು ಗಾಂಧಿ ಬಜಾರಿನಲ್ಲಿ ಅಪ್ಪನ ಹಳೆಯ ಪರಿಚಯದವರೊಬ್ಬರ ಅಂಗಡಿಯಲ್ಲಿ ಹೊಲಿಗೆ ಮಷೀನು ರಿಪೇರಿಗೆ ಕೂತ.

ಸಾಕ್ಷಿಯ ದಿನ ಅವನು ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಬಂದಿದ್ದ. ನಾವಿಬ್ಬರೂ ಕೋರ್ಟಿನ ಜಗುಲಿಯಲ್ಲಿ ಮಧ್ಯಾಹ್ನದವರೆಗೆ ಕೂತೆವು. ಕರೆದಾಗ ಅವನು ಒಳಗೆ ಹೋಗಿ, ಕಟಕಟೆಯಲ್ಲಿ ನಿಂತು, ನಮ್ಮ ವಕೀಲರು ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಹೇಳಿದ. "ಆ ದಿನ ನಾನು ಡ್ಯೂಟಿಯಲ್ಲಿರಲಿಲ್ಲ. ನನ್ನ ಟೋಕನ್ ಕೊಟ್ಟು ಒಳಗೆ ಹೋದವರು ಇವರು. ನಾನು ಹೆಂಡತಿಯ ಜೊತೆ ಆಸ್ಪತ್ರೆಯಲ್ಲಿದ್ದೆ." ಒಂದು ಮಾತೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಅಷ್ಟು ತಿಂಗಳಲ್ಲಿ ಮೊದಲ ಸಲ, ನಾನು ಆ ದಿನ ನಿಜವಾಗಿಯೂ ಕಾರ್ಖಾನೆಯಲ್ಲಿದ್ದೆ ಎಂದು ಆ ಕೋಣೆಯೊಳಗೆ ಒಬ್ಬರು ಹೇಳಿದ್ದರು. ನನ್ನ ಕಣ್ಣಲ್ಲಿ ನೀರು ಬಂತು.

ಎದುರು ಪಕ್ಷದ ವಕೀಲರು ಎದ್ದರು. ಮೊದಲು, ಅರ್ಜಿದಾರರು ನಿಮ್ಮ ಸ್ನೇಹಿತರು ತಾನೇ ಎಂದರು. ಹೌದು ಎಂದ. ಕೆಲಸದಿಂದ ತೆಗೆದಿದ್ದಕ್ಕೆ ನಿಮಗೆ ಸಿಟ್ಟಿದೆ ತಾನೇ ಎಂದರು. ಇಲ್ಲ ಎಂದ. ಆಮೇಲೆ ಆ ಸಣ್ಣ ಪುಸ್ತಕವನ್ನು ಕೈಗೆ ತೆಗೆದುಕೊಂಡು, ಹಾಳೆ ತಿರುಗಿಸಿ ನೋಡಿದರು.

"ಇದ್ರಲ್ಲಿ ಪೇಷಂಟ್ ಬಂದಿದ್ರು ಅಂತಿದೆ. ನೀವು ಜೊತೆಗಿದ್ರಿ ಅಂತ ಎಲ್ಲಿದೆ?"

"ನಾನೇ ಕರ್ಕೊಂಡ್ ಹೋಗ್ತಿದ್ದೆ ಸಾರ್."

"ಅದು ನೀವು ಹೇಳೋದು. ಹಾಜರಿ ಪುಸ್ತಕ ನೀವು ಫ್ಯಾಕ್ಟರಿಲಿ ಇದ್ರಿ ಅನ್ನುತ್ತೆ. ಆಸ್ಪತ್ರೆಲಿ ಎಲ್ಲಾದ್ರೂ ಸೈನ್ ಮಾಡಿದೀರಾ?"

"ಮೊದಲ ದಿನ ಮಾಡಿದ್ದೆ ಸಾರ್. ಆಮೇಲೆ ಕೇಳ್ತಿರ್ಲಿಲ್ಲ."

"ಅಂದ್ರೆ ನೀವು ಅಲ್ಲಿದ್ರಿ ಅಂತ ಹೇಳೋಕೆ ನಿಮ್ಮ ಹೆಂಡ್ತಿ ಒಬ್ರೇ." ವಕೀಲರು ನ್ಯಾಯಾಧೀಶರ ಕಡೆ ತಿರುಗಿ, ಮತ್ತೆ ಅವನ ಕಡೆ ತಿರುಗಿದರು. "ಅವರನ್ನ ಯಾಕೆ ಸಾಕ್ಷಿ ಮಾಡಿಲ್ಲ? ಮುಂದಿನ ತಾರೀಖಿಗೆ ಕರ್ಕೊಂಡ್ ಬರ್ತೀರಾ?"

ಅವರಿಗೆ ಗೊತ್ತಿರಲಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ಪುಸ್ತಕದ ಕೊನೆಯ ಹಾಳೆಯವರೆಗೆ ಅವರು ತಿರುಗಿಸಿರಲಿಲ್ಲ. ನಮ್ಮ ವಕೀಲರು ಎದ್ದೇಳುವಷ್ಟರಲ್ಲಿ ಅವನೇ ಉತ್ತರ ಹೇಳಿದ. ನನ್ನ ಕಡೆ ನೋಡಲಿಲ್ಲ. ದನಿಯಲ್ಲಿ ಕೋಪವಿರಲಿಲ್ಲ, ಕೇಳಿದ ಪ್ರಶ್ನೆಗೆ ಉತ್ತರ ಹೇಳುವಂತೆಯೇ ಹೇಳಿದ.

"ಅವ್ಳು ಬರೋ ಹಾಗಿದ್ದಿದ್ರೆ ನಾನು ಬರ್ತಿರ್ಲಿಲ್ಲ ಸಾರ್."

ಟೈಪು ಮಾಡುತ್ತಿದ್ದಾಕೆ ಕೈ ನಿಲ್ಲಿಸಿ, ಇದನ್ನು ಹಾಕಬೇಕೋ ಬೇಡವೋ ಎಂದು ನ್ಯಾಯಾಧೀಶರ ಮುಖ ನೋಡಿದಳು. ನ್ಯಾಯಾಧೀಶರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಅವನನ್ನು "ಯಾವಾಗ?" ಎಂದು ಕೇಳಿದರು. ಅವನು ದಿನ ಹೇಳಿದ. ಅದನ್ನು ಟೈಪು ಮಾಡಿಸಿದರು. ನಮ್ಮ ವಕೀಲರು ನನ್ನ ಕಡೆ ಬಾಗಿ, ಕಿವಿಯ ಹತ್ತಿರ, "ಒಳ್ಳೇದಾಯ್ತು, ಇದು ನಮ್ಗೆ ಅನುಕೂಲ" ಎಂದರು. ನಾನು ಹೌದೆಂದು ತಲೆಯಾಡಿಸಿದೆ.